ಅಕ್ಷರವಿಲ್ಲದ ಪವನು

ನಮ್ಮ ಡಾಕ್ಟರು ಹೋಗಿ ಒಂದು ಮಳೆಗಾಲ ಕಳೆಯಿತು. ಪುತ್ತೂರಿನಲ್ಲಿ ಚಪ್ಪಲಿ ಅಂಗಡಿಯ ಮಾಳಿಗೆಯಲ್ಲಿದ್ದ ಅವರ ಹಲ್ಲಿನ ಕ್ಲಿನಿಕ್ಕಿನಲ್ಲಿ ಈಗ ಯಾರೋ ಮೊಬೈಲ್ ರಿಪೇರಿ ಮಾಡುತ್ತಾರೆ. ಅವರ ಹೆಸರು ಬರೆಯುವುದಿಲ್ಲ. ಊರಿನವರಿಗೆ ಹೇಳದೆಯೂ ಗೊತ್ತಾಗುತ್ತದೆ, ಹೊರಗಿನವರಿಗೆ ಹೇಳಿ ಆಗಬೇಕಾದ್ದು ಏನೂ ಇಲ್ಲ. ಅಲ್ಲದೆ ಅವರದೇ ಒಂದು ಮಾತಿತ್ತು: "ನಾಣ್ಯದಲ್ಲಿ ಇರುದು ರಾಜನ ಹೆಸರು ಮಾರಾಯ್ತಿ. ಇಟ್ಟುಕೊಂಡವನ ಹೆಸರು ಯಾವ ನಾಣ್ಯದಲ್ಲಿಯೂ ಇಲ್ಲ."

ನಾನು ವಿಮೆ ಏಜೆಂಟು. ಪುತ್ತೂರು, ಸುಳ್ಯ, ಕಡಬದ ಒಳದಾರಿಗಳಲ್ಲೆಲ್ಲ ನನ್ನ ಸ್ಕೂಟರ್ ಓಡಿದೆ. ಯಾರ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗಳಿಗೆ ನೆಂಟಸ್ತಿಕೆ ಕೂಡಿ ಬಂದಿದೆ ಎಂಬುದು ನನಗೆ ಮನೆಯವರಿಗಿಂತ ಮೊದಲು ತಿಳಿಯುತ್ತದೆ ಎಂದು ನನ್ನ ಗಂಡ ಹಂಗಿಸುವುದುಂಟು. ಮನುಷ್ಯರನ್ನು ಅಳೆಯುವುದರಲ್ಲಿ ನಾನೂ ಪಳಗಿದವಳೇ. ಆದರೆ ಡಾಕ್ಟರನ್ನು ಅಳೆಯಲು ನನ್ನಿಂದ ಆಗಲಿಲ್ಲ. ಅವರನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ಅದನ್ನು ಮುಚ್ಚಿಟ್ಟುಕೊಳ್ಳುವ ಇಷ್ಟ ನನಗಿಲ್ಲ.

ನಾನು ಮೊದಲು ಅವರಲ್ಲಿಗೆ ಹೋದದ್ದು ದವಡೆ ಹಲ್ಲಿನ ನೋವಿಗೆ. ಕುರ್ಚಿಯಲ್ಲಿ ಒರಗಿಸಿ, ಬಾಯಲ್ಲಿ ಹತ್ತಿ ತುರುಕಿ, ತಲೆಯ ಮೇಲಿನ ದೀಪ ಹಾಕಿದರು. ದೀಪ ಬಿದ್ದದ್ದು ಹಲ್ಲಿಗೆ, ಅವರ ಕಣ್ಣು ಹೋದದ್ದು ನನ್ನ ಕುತ್ತಿಗೆಗೆ. ಅಮ್ಮ ಕೊಟ್ಟ ಸರದಲ್ಲಿ ಒಂದು ಕುದುರೆ ಪವನು, ಬ್ರಿಟಿಷ್ ರಾಣಿಯ ತಲೆಯಿದ್ದ ಹಳೆಯ ಚಿನ್ನದ ನಾಣ್ಯ, ಇತ್ತು. ಅದನ್ನು ಅಂಚಿನಲ್ಲಿ ಹಿಡಿದೆತ್ತಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಆಚೆ ತಿರುಗಿಸಿ ಈಚೆ ತಿರುಗಿಸಿ ನೋಡಿದರು. ನೋವಿನಿಂದ ನನ್ನ ಕಣ್ಣಲ್ಲಿ ನೀರು.

"ಇದು ಎಲ್ಲಿಂದ ಬಂದದ್ದು?" ಎಂದು ಕೇಳಿದರು. ಬಾಯಲ್ಲಿ ಹತ್ತಿ ಇರುವವಳು ಏನು ಹೇಳುವುದು?

"ಚಿನ್ನ ಒಳ್ಳೇದುಂಟು," ಎಂದರು. "ಆದರೆ ಇದು ರಾಣಿಯದ್ದಲ್ಲ. ನಮ್ಮ ಚಿನ್ನದ ಆಚಾರಿಯದ್ದು. ಎರಕ ಹೊಯ್ದದ್ದು."

ಹತ್ತಿ ಉಗಿದು ಜಗಳಕ್ಕೇ ನಿಂತೆ. ನನ್ನ ಅಮ್ಮ, ಅಮ್ಮನ ಅಮ್ಮ, ಇಬ್ಬರೂ ಹಾಕಿಕೊಂಡು ಮೆರೆದ ಪವನು ಅದು. ಅವರು ಕೋಪ ಮಾಡಿಕೊಳ್ಳಲಿಲ್ಲ. ಭೂತಗನ್ನಡಿಯನ್ನು ನನ್ನ ಕೈಗೇ ಕೊಟ್ಟು ರಾಣಿಯ ಕೆನ್ನೆ ನೋಡಲು ಹೇಳಿದರು. ಕೆನ್ನೆಯ ತುಂಬ ಸಣ್ಣ ಸಣ್ಣ ಗುಳ್ಳೆ. "ಅಚ್ಚು ಒತ್ತಿದ ನಾಣ್ಯಕ್ಕೆ ಗುಳ್ಳೆ ಬರುದಿಲ್ಲ. ಎರಕದಲ್ಲಿ ಗಾಳಿ ಸಿಕ್ಕಿ ಹಾಕಿಕೊಂಡ್ರೆ ಬರ್ತದೆ. ನಾನು ಚಿನ್ನದ ಹಲ್ಲು ಎರಕ ಹೊಯ್ದು ಹೊಯ್ದು ಕೈ ಸುಟ್ಟುಕೊಂಡವ. ನನಗೆ ಗೊತ್ತಾಗದೆ ಮತ್ತೆ ಯಾರಿಗೆ ಗೊತ್ತಾಗುದು?"

ಹೌದು, ಅವರಿಗೆ ಜಂಬ ಇತ್ತು. ಅದೂ ಸಣ್ಣದಲ್ಲ. ತಾನು ನೋಡಿ ಹೇಳಿದ ಮೇಲೆ ಇನ್ನೊಬ್ಬರು ನೋಡುವ ಅಗತ್ಯವಿಲ್ಲ ಎಂದೇ ಅವರ ಎಣಿಕೆ. ವಿಚಿತ್ರವೆಂದರೆ ಊರಿನ ಎಣಿಕೆಯೂ ಅದೇ ಆಗಿತ್ತು. ಹೆಣ್ಣು ಕೊಡುವಾಗ, ಪಾಲಾಗುವಾಗ, ಹಳೆಯ ಪವನು ಹೊರಗೆ ಬಂದರೆ "ಒಮ್ಮೆ ಹಲ್ಲಿನ ಡಾಕ್ಟ್ರಿಗೆ ತೋರಿಸಿ" ಎನ್ನುವುದು ರೂಢಿಯಾಗಿಬಿಟ್ಟಿತ್ತು. ನಮ್ಮ ಕಡೆ ಚಿನ್ನದ ಲೆಕ್ಕವೇ ಪವನಿನಲ್ಲಿ. ಆ ಲೆಕ್ಕ ಬಂದದ್ದು ಬ್ರಿಟಿಷರ ಈ ಚಿನ್ನದ ನಾಣ್ಯದಿಂದ. ಒಂದು ಕಡೆ ರಾಜನದೋ ರಾಣಿಯದೋ ತಲೆ, ಇನ್ನೊಂದು ಕಡೆ ಕುದುರೆ ಏರಿ ಸರ್ಪದಂಥ ಪ್ರಾಣಿಯನ್ನು ತುಳಿಸುವ ವೀರ. ಹೀಗಾಗಿ ಬ್ರಿಟಿಷ್ ನಾಣ್ಯ ಎಂದರೆ ನಮಗೆ ಮ್ಯೂಸಿಯಮ್ಮಿನ ಸಂಗತಿಯಲ್ಲ, ಅಜ್ಜಿಯ ಕೊರಳಿನದ್ದು.

ಹಲ್ಲು ಸರಿಯಾಯಿತು, ನಾನು ಅವರ ಬಳಗಕ್ಕೆ ಸೇರಿಯೂ ಆಯಿತು. ಯಾವ ಮನೆಯಲ್ಲಿ ಹಳೆಯ ನಾಣ್ಯವಿದೆ ಎಂದು ನಾನು ಹೇಳುವುದು, ಭಾನುವಾರ ಅವರ ಹಳೆಯ ಕಾರಿನಲ್ಲಿ ಹೋಗಿ ನೋಡಿ ಬರುವುದು. ಅವರಿಗೆ ನಾಣ್ಯ, ನನಗೆ ಒಂದೊಂದು ಪಾಲಿಸಿ. ಯಾರಿಗೂ ನಷ್ಟವಿಲ್ಲ.

ಪೆರಾಬೆಯ ಒಂದು ಮನೆಗೆ ಹೋದದ್ದು ನೆನಪಾದರೆ ಈಗಲೂ ನಗು ಬರುತ್ತದೆ. ಡಾಕ್ಟರು ಬರುತ್ತಾರೆಂದು ಮೊದಲೇ ಫೋನ್ ಮಾಡಿ ತಿಳಿಸಿದ್ದೆ. ಅದೇ ತಪ್ಪಾದದ್ದು. ದೊಡ್ಡವರು ನೋಡುವಾಗ ಕೊಳೆ ಇರಬಾರದಲ್ಲ ಎಂದು ಆ ಮನೆಯ ಯಜಮಾನಿತಿ ಡಬ್ಬದಲ್ಲಿದ್ದ ಅಷ್ಟೂ ಹಳೆಯ ನಾಣ್ಯಗಳನ್ನು ಹುಣಸೆಹುಳಿ, ಅಂಟುವಾಳ ಹಾಕಿ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ ತಿಕ್ಕಿ ತೊಳೆದು, ಬಾಳೆಲೆಯ ಮೇಲೆ ಸಾಲಾಗಿ ಒಣಗಲು ಇಟ್ಟಿದ್ದರು. ಬೆಳ್ಳಿಯ ರೂಪಾಯಿಗಳು ಹೊಸ ಸ್ಟೀಲ್ ಬಟ್ಟಲಿನ ಹಾಗೆ ಫಳಫಳ. ನೂರು ವರ್ಷದ ಕಪ್ಪು ಛಾಯೆ, ಸಂಗ್ರಾಹಕರು ಪ್ರಾಣ ಬಿಡುವ ಆ ಛಾಯೆ, ಹುಣಸೆಹುಳಿಯ ಜೊತೆ ತೆಂಗಿನ ಬುಡ ಸೇರಿತ್ತು.

ಡಾಕ್ಟರು ಜಗಲಿಯ ಮೇಲೆ ಕುಸಿದು ಕೂತರು.

"ಇಷ್ಟು ವರ್ಷ ಊರಿಡೀ ಹೇಳಿದೆ, ಹಲ್ಲು ಉಜ್ಜಿ, ಹಲ್ಲು ಉಜ್ಜಿ ಅಂತ. ಒಬ್ಬರು ಸರಿಯಾಗಿ ಉಜ್ಜುದಿಲ್ಲ," ಎಂದು ನನ್ನ ಕಡೆ ತಿರುಗಿದರು. "ಉಜ್ಜಬಾರದ್ದನ್ನು ನೋಡು, ಹೇಗೆ ಉಜ್ಜಿದ್ದಾರೆ!"

ಯಜಮಾನಿತಿ ಹೊಗಳಿಕೆ ಎಂದು ತಿಳಿದು, "ಬೆಳಗ್ಗಿಂದ ಕೂತು ತೊಳೆದದ್ದು ಡಾಕ್ಟ್ರೇ," ಎಂದು ಬಾಯಾರಿಕೆಗೆ ಬೆಲ್ಲ ನೀರು ತಂದಿಟ್ಟರು. ಡಾಕ್ಟರು ಬೆಲ್ಲ ಬಾಯಿಗೆ ಹಾಕಿಕೊಂಡರು. ಆ ಹೆಂಗಸಿನ ಸಂತೋಷ ಕೆಡಿಸುವ ಮನಸ್ಸು ಅವರಿಗಾಗಲಿಲ್ಲ. ಆದರೆ ಅಂದಿನಿಂದ ನನಗೆ ಆಜ್ಞೆಯಾಯಿತು: ಮೊದಲೇ ಫೋನ್ ಮಾಡುವಂತಿಲ್ಲ.

ಅವರು ನೋಡುವ ಕ್ರಮ ನೋಡುವುದೇ ಒಂದು ಚಂದ. ಬೆಳಗಿನ ಹೊತ್ತು ಮಾತ್ರ. ಕ್ಲಿನಿಕ್ಕಿನ ಪೂರ್ವದ ಕಿಟಕಿಯಿಂದ ಓರೆ ಬಿಸಿಲು ಮೇಜಿನ ಮೇಲೆ ಬೀಳುವಾಗ ಕರಿಯ ಬಟ್ಟೆ ಹಾಸಿ ಅದರ ಮೇಲೆ ನಾಣ್ಯ ಇಡುವರು. ನೆತ್ತಿಯ ಮೇಲಿನ ಬೆಳಕು ಎಲ್ಲವನ್ನೂ ಚಂದ ಕಾಣಿಸುತ್ತದೆ, ಓರೆ ಬೆಳಕಿನಲ್ಲೇ ದೋಷ ಎದ್ದು ನಿಲ್ಲುವುದು ಎಂದು ಅವರ ವಾದ. ನಾಣ್ಯಕ್ಕೆ ಅಂಗೈ ತಾಗಿಸಿದ್ದನ್ನು ನಾನು ಕಂಡಿಲ್ಲ. ಎರಡು ಬೆರಳು, ಅಂಚಿನಲ್ಲಿ. ತೂಕ ನೋಡುವರು, ಸುತ್ತಳತೆ ನೋಡುವರು, ನೂಲಿನಲ್ಲಿ ಕಟ್ಟಿ ನೀರಲ್ಲಿ ಇಳಿಬಿಟ್ಟು ಮತ್ತೆ ತೂಕ ನೋಡುವರು. ಕೊನೆಗೆ ಭೂತಗನ್ನಡಿ. ಅಷ್ಟು ಹೊತ್ತೂ ತಂದವರು ಉಸಿರು ಬಿಗಿಹಿಡಿದು, ಹಲ್ಲು ಕೀಳಿಸಲು ಬಂದವರಿಗಿಂತ ಹೆಚ್ಚು ಹೆದರಿ ಕೂತಿರುತ್ತಿದ್ದರು.

ಕಡಬದ ಒಬ್ಬ ಜೀಪಿನ ಚಾಲಕ ಒಂದು ಸಲ ಹೀಗೆಯೇ ಬಂದ. ತೋಟ ಅಗೆಯುವಾಗ ಕೊಡ ಸಿಕ್ಕಿತು ಎಂದು ಯಾರೋ ಘಟ್ಟದ ಮೇಲಿನವರು ಅವನಿಗೆ ಗುಟ್ಟಿನಲ್ಲಿ ಮಾರಿದ್ದ ಪವನುಗಳು, ಕರವಸ್ತ್ರದಲ್ಲಿ ಗಂಟು. ಡಾಕ್ಟರು ಅವನ್ನು ಸಾಲಾಗಿ ಜೋಡಿಸಿ, "ರಾಜನ ಗಡ್ಡದ ಕೆಳಗೆ ನೋಡು," ಎಂದರು. ಅಲ್ಲೊಂದು ಸಣ್ಣ ಗೀರು. ಮುಂದಿನದರಲ್ಲಿಯೂ ಅದೇ ಗೀರು, ಅದೇ ಜಾಗದಲ್ಲಿ. ಅದರ ಮುಂದಿನದರಲ್ಲಿಯೂ.

"ಅವಳಿ ಮಕ್ಕಳಿಗೂ ಮಚ್ಚೆ ಒಂದೇ ಕಡೆ ಇರುದಿಲ್ಲ ಮಾರಾಯ," ಎಂದು ಮೆತ್ತಗೆ ಹೇಳಿದರು. "ಗೀರು ಬಿದ್ದ ಒಂದು ನಾಣ್ಯದಿಂದ ಅಚ್ಚು ತೆಗೆದು ಎಲ್ಲವನ್ನೂ ಎಬ್ಬಿಸಿದ್ದಾರೆ. ಮುಖ ತೊಳ್ಕೋ, ಒಂದು ಚಾ ಕುಡಿ. ಆಮೇಲೆ ಇಬ್ಬರೂ ಸ್ಟೇಷನ್ನಿಗೆ ಹೋಗುವ." ಹೋದರು ಕೂಡ, ರೋಗಿಗಳನ್ನು ಬಿಟ್ಟು.

ಅವರಿಗೊಂದು ನಿಯಮವಿತ್ತು. ತನ್ನ ಹತ್ತಿರ ಪರೀಕ್ಷೆಗೆ ಬಂದ ನಾಣ್ಯವನ್ನು ತಾನು ಕೊಳ್ಳುವುದಿಲ್ಲ. ಎಷ್ಟು ಆಸೆಯಾದರೂ ಇಲ್ಲ, ಕೊಡುವವರು ಎಷ್ಟು ಒತ್ತಾಯಿಸಿದರೂ ಇಲ್ಲ. ಅವರು ಕೊಳ್ಳುತ್ತಿದ್ದುದು ಮುಂಬೈ, ಬೆಂಗಳೂರಿನ ಹರಾಜಿನಲ್ಲಿ, ಅಪರಿಚಿತರಿಂದ. "ಹೇಳುವವನೂ ನಾನೇ, ತೆಗೊಳ್ಳುವವನೂ ನಾನೇ ಆದ್ರೆ ನನ್ನ ಬಾಯಿಗೆ ಎಂತ ಬೆಲೆ?" ಎನ್ನುವರು. ನನಗೆ ಇದು ಅತಿ ಎನಿಸುತ್ತಿತ್ತು. ಕಮಿಷನ್ನಿನಲ್ಲಿ ಬದುಕುವವಳು ನಾನು.

ಹಾಗೆ ಹರಾಜಿನಲ್ಲಿ ಕೊಂಡದ್ದರಲ್ಲಿ ಅವರ ಪ್ರಾಣವಿದ್ದದ್ದು ಒಂದೇ ಒಂದು ಪವನಿನಲ್ಲಿ. ಐದನೇ ಜಾರ್ಜ್ ರಾಜನ ತಲೆ, ಸಾವಿರದ ಒಂಬೈನೂರ ಹದಿನೇಳನೆಯ ಇಸವಿ. ಆ ಇಸವಿಯ ಪವನುಗಳು ಆಸ್ಟ್ರೇಲಿಯಾದಲ್ಲಿ, ಕೆನಡಾದಲ್ಲಿ ಬೇಕಾದಷ್ಟು ಅಚ್ಚಾದವು. ಅವುಗಳಲ್ಲಿ ಇಸವಿಗೆ ಸರಿಯಾಗಿ ಮೇಲೆ, ಕುದುರೆಯ ಕಾಲಡಿಯ ನೆಲದಲ್ಲಿ, ಸಾಸಿವೆಗಿಂತ ಸಣ್ಣದೊಂದು ಇಂಗ್ಲಿಷ್ ಅಕ್ಷರ ಇರುತ್ತದೆ, ಯಾವ ಊರಿನ ಟಂಕಸಾಲೆ ಎಂಬುದರ ಗುರುತು. ಲಂಡನ್ನಿನಲ್ಲಿ ಅಚ್ಚಾದದ್ದಕ್ಕೆ ಅಕ್ಷರವಿಲ್ಲ. ಆದರೆ ಆ ವರ್ಷ ಲಂಡನ್ನಿನಲ್ಲಿ ಅಚ್ಚಾದವು ಯುದ್ಧದ ಖರ್ಚಿಗೆ ಸಮುದ್ರ ದಾಟಿ, ಅಲ್ಲೆಲ್ಲೋ ಕರಗಿ ಚಿನ್ನದ ಗಟ್ಟಿಗಳಾದವಂತೆ. ಉಳಿದದ್ದು ಬೆರಳೆಣಿಕೆ. ಅಕ್ಷರವಿಲ್ಲದ ಹದಿನೇಳರ ಪವನು ಎಂದರೆ ಈ ಹುಚ್ಚಿನವರಿಗೆ ದೇವರು ಪ್ರತ್ಯಕ್ಷವಾದ ಹಾಗೆ.

ಡಾಕ್ಟರು ಅದನ್ನು ಕೊಂಡದ್ದು ಪ್ರಾಯದಲ್ಲಿ, ಕ್ಲಿನಿಕ್ಕಿಗೆ ಹೊಸ ಕುರ್ಚಿ ತರಲೆಂದು ಮುಂಬೈಗೆ ಹೋದಾಗ. ಕುರ್ಚಿ ಬರಲಿಲ್ಲ. ಆಮೇಲೆ ಎಷ್ಟೋ ಕಾಲ ಪುತ್ತೂರಿನ ಜನ ಕಿರ್ರೆನ್ನುವ ಹಳೆಯ ಕುರ್ಚಿಯಲ್ಲೇ ಒರಗಿ ಬಾಯಿ ತೆರೆದದ್ದು ಆ ಒಂದು ಪವನಿಗಾಗಿ. ಹೆಂಡತಿ ಇದ್ದಷ್ಟು ದಿನ ಅದನ್ನು "ನನ್ನ ಸವತಿ" ಎನ್ನುತ್ತಿದ್ದರಂತೆ. ನಾಣ್ಯದ ಗೆಳೆಯರು ಕೂಡಿದಾಗಲೆಲ್ಲ ಅದು ಹೊರಗೆ ಬರಬೇಕು, ಎಲ್ಲರೂ ಒಬ್ಬೊಬ್ಬರಾಗಿ ಬಾಗಿ ನೋಡಬೇಕು. ಡಾಕ್ಟರ ಮಾತಿಗೆ ಈ ಮೂರು ತಾಲೂಕಿನಲ್ಲಿ ಇದ್ದ ತೂಕದ ಅರ್ಧ ಆ ಪವನಿನದ್ದು ಎಂದರೆ ತಪ್ಪಲ್ಲ. ಅದನ್ನು ಗುರುತಿಸಿ ತಂದ ಕಣ್ಣು ಎಂದೇ ಜನ ಅವರನ್ನು ನಂಬಿದ್ದು.

ಇನ್ನು ಸಂಪಾಜೆಯ ಕತೆ.

ಸಂಪಾಜೆಯಲ್ಲಿ, ಘಟ್ಟ ಹತ್ತುವ ಲಾರಿಗಳು ನಿಲ್ಲುವಲ್ಲಿ ಯಶೋದಕ್ಕನ ಹೋಟೆಲು. ನನ್ನ ಹಳೆಯ ಗಿರಾಕಿ. ಮನೆಯೊಳಗೆ ಈ ಕಡೆಯ ಗೌಡರ ಅರೆಭಾಷೆ, ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ಬಂದವರ ಭಾಷೆ. ಮಗಳು ರಮ್ಯಳ ಮದುವೆ ನಿಶ್ಚಯವಾಗಿತ್ತು. ನಾನು ಚಾ ಕುಡಿಯುತ್ತಿರುವಾಗ ಯಶೋದಕ್ಕ ಹೇಳಿದರು, "ಅಕ್ಕ, ನಮ್ಮದು ಒಂದು ಹಳೇ ಪವನು ಉಂಟು. ಅದಕ್ಕೆ ಕೊಂಡಿ ಹಾಕಿಸಬೇಕು. ಸುಳ್ಯದಲ್ಲಿ ಒಳ್ಳೆ ಆಚಾರಿ ಯಾರಿದ್ದಾರೆ?"

ಅವರ ಗಂಡನ ಅಜ್ಜ ಕೊಡಗಿನಲ್ಲಿ ಒಬ್ಬ ಬಿಳಿಯ ದೊರೆಯ ಬಂಗಲೆಯಲ್ಲಿ ಅಡುಗೆಗೆ ಇದ್ದವರು. ದೊರೆಸಾನಿ ತನ್ನ ಊರಿಗೆ ವಾಪಸು ಹೊರಟಾಗ ಅವರ ಕೈಯಲ್ಲಿಟ್ಟ ಪವನು ಅದು. ಆ ಮನೆಯ ಹೆಣ್ಣುಮಕ್ಕಳು ಮದುವೆಯ ದಿನ ಅದನ್ನು ಕೊರಳಲ್ಲಿ ಧರಿಸಲೇಬೇಕು. ಇಷ್ಟು ಕಾಲ ಸಣ್ಣ ಬಟ್ಟೆಯ ಚೀಲದಲ್ಲಿ ಹೊಲಿದು ದಾರಕ್ಕೆ ಕಟ್ಟಿಕೊಳ್ಳುತ್ತಿದ್ದರಂತೆ. ಉಳಿದ ದಿನಗಳಲ್ಲಿ ಅದರ ವಾಸ ಕುಂಕುಮದ ಭರಣಿಯ ಒಳಗೆ. ರಮ್ಯಳಿಗೆ ಚೀಲ ಬೇಡ, ಎಲ್ಲರಿಗೆ ಕಾಣುವ ಹಾಗೆ ಸರದಲ್ಲಿ ಹಾಕಿಕೊಳ್ಳಬೇಕು.

"ಆಚಾರಿ ಹತ್ರ ಆಮೇಲೆ ಹೋಗುವ," ಎಂದೆ. "ಮೊದಲು ಒಮ್ಮೆ ಡಾಕ್ಟ್ರು ನೋಡ್ಲಿ. ಮತ್ತೆ ಯಶೋದಕ್ಕ, ದಮ್ಮಯ್ಯ, ತೊಳೀಬೇಡಿ."

ಮರುದಿನ ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಪುತ್ತೂರಿಗೆ ಬಂದರು. ಆಗ ಡಾಕ್ಟರು ಹಲ್ಲಿನ ಕೆಲಸ ನಿಲ್ಲಿಸಿದ್ದರು. ಕೈ ನಡುಗಲು ಸುರುವಾಗಿತ್ತು. ಆದರೂ ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆಗೆದು ಕಿಟಕಿಯ ಹತ್ತಿರ ಕೂರುವ ಅಭ್ಯಾಸ ಬಿಟ್ಟಿರಲಿಲ್ಲ. ಯಶೋದಕ್ಕ ಭರಣಿಯನ್ನೇ ತಂದಿದ್ದರು. ಡಾಕ್ಟರು ಕುಂಕುಮದೊಳಗಿಂದ ಪವನನ್ನು ಅಂಚಿನಲ್ಲಿ ಹಿಡಿದೆತ್ತಿ ಮೃದುವಾಗಿ ಊದಿದರು. ಇಸವಿ ನೋಡಿದರು. ಅದರ ಮೇಲಿನ ನೆಲ ನೋಡಿದರು. ನನಗೆ ಅವರ ಬೆನ್ನು ನೆಟ್ಟಗಾದದ್ದು ಕಂಡಿತು.

ತೂಕ ನೋಡಿದರು. ನೀರಿನಲ್ಲಿ ತೂಗಿದರು. ಆಮೇಲೆ ಎದ್ದು ಒಳಗೆ ಹೋಗಿ ಬೀರು ತೆಗೆದು ತಮ್ಮ ಪವನನ್ನು ತಂದು, ಕರಿಯ ಬಟ್ಟೆಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟರು. ಭೂತಗನ್ನಡಿ ಒಂದರಿಂದ ಇನ್ನೊಂದಕ್ಕೆ ಹೋಯಿತು, ಬಂತು, ಮತ್ತೆ ಹೋಯಿತು. ಚಪ್ಪಲಿ ಅಂಗಡಿಯವನು ಕೆಳಗೆ ಶಟರ್ ಎತ್ತಿದ ಸದ್ದಿಗೆ ನಾವು ಮೂವರೂ ಬೆಚ್ಚಿದೆವು. ಅವರು ಬೆಚ್ಚಲಿಲ್ಲ.

ಕೊನೆಗೆ ಮುಖವೆತ್ತಿ ರಮ್ಯಳನ್ನು ಕರೆದು ಭೂತಗನ್ನಡಿ ಕೊಟ್ಟರು. "ಬಾ ಮಗಾ. ನಿನ್ನ ಕಣ್ಣು ಎಳೇದುಂಟು. ಈ ಎರಡನ್ನೂ ನೋಡು. ಕುದುರೆಯ ಅಡಿಯಲ್ಲಿ, ಇಸವಿಗೆ ಸರಿಯಾಗಿ ಮೇಲೆ. ಎಂತ ಕಾಣ್ತದೆ ಹೇಳು."

ಹುಡುಗಿ ಬಾಗಿ ನೋಡಿದಳು. "ಎರಡೂ ಒಂದೇ ಉಂಟಲ್ಲ ಡಾಕ್ಟ್ರೇ?"

"ಅವಸರ ಮಾಡಬೇಡ."

ಮತ್ತೆ ನೋಡಿದಳು. "ಇದರಲ್ಲಿ ನೆಲ ಸ್ವಲ್ಪ ಒರಟು ಉಂಟು, ಇಡೀ ಒಂದೇ ಹಾಗೆ. ಅದರಲ್ಲಿ ನಡುವಲ್ಲಿ ಮಾತ್ರ ನುಣ್ಣಗೆ ಆಗಿದೆ. ಸ್ವಲ್ಪ ಗುಂಡಿ ಬಿದ್ದ ಹಾಗೆ."

"ಹೌದಲ್ಲ?" ಎಂದರು. "ಹಲ್ಲಿಗೆ ಸಿಮೆಂಟ್ ತುಂಬಿಸಿ ಪಾಲಿಶ್ ಮಾಡಿದ್ರೆ ಹಾಗೆ ಕಾಣುದು. ಅಲ್ಲಿ ಒಂದು ಅಕ್ಷರ ಇತ್ತು. ಅದನ್ನು ಯಾರೋ ತುಂಬ ಜಾಣ ಕೆರೆದು ತೆಗೆದಿದ್ದಾನೆ, ಲಂಡನ್ನಿನದ್ದು ಅಂತ ಮಾರ್ಲಿಕ್ಕೆ. ಆ ನುಣ್ಣಗೆ ಉಂಟಲ್ಲ ಮಗಾ, ಅದು ನನ್ನದು. ನಿಮ್ಮದು ಸರಿಯಾದ್ದು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಎರಡು ಪವನುಗಳ ಮೇಲೆ ನಾನೂ ಬಾಗಿದೆ. ಆ ಮೇಜಿನ ಸುತ್ತ ಇದ್ದವರಲ್ಲಿ ಅವರು ಬಾಯಿ ಬಿಡದೆ ಇದ್ದರೆ ತಿಳಿಯುವವರು ಯಾರು? ಯಶೋದಕ್ಕನಿಗೆ ಪವನು ಎಂದರೆ ಪವನು. ಹುಡುಗಿ ಎರಡೂ ಒಂದೇ ಎಂದು ಆಗಲೇ ಹೇಳಿಯಾಗಿತ್ತು. "ಒಳ್ಳೆ ಪವನು, ತೆಗೊಂಡು ಹೋಗಿ" ಎಂದಿದ್ದರೆ ಸುಳ್ಳೂ ಆಗುತ್ತಿರಲಿಲ್ಲ. ಕುರ್ಚಿ ಬಿಟ್ಟು ತಂದ ಪವನು, ಹೆಂಡತಿ ಸವತಿ ಎಂದ ಪವನು, ತನ್ನ ಮಾತಿನ ತೂಕವೆಲ್ಲ ನಿಂತಿದ್ದ ಪವನು. ಅದನ್ನು ಒಂದು ಹುಡುಗಿಯ ಕೈಯಿಂದಲೇ ಹಿಡಿಸಿ ಖೋಟಾ ಮಾಡಿಬಿಟ್ಟರು.

ಅವರ ಮುಖದಲ್ಲಿ ದುಃಖ ಹುಡುಕಿದೆ. ಇತ್ತು, ಇಲ್ಲವೆನ್ನಲಾರೆ. ಆದರೆ ಅದಕ್ಕಿಂತ ಹೆಚ್ಚಾಗಿ ಒಂದು ಉತ್ಸಾಹ. "ನಾನು ನನ್ನದನ್ನು ಯಾವತ್ತೂ ರೋಗಿಯ ಹಾಗೆ ನೋಡ್ಲೇ ಇಲ್ಲ ಮಾರಾಯ್ತಿ," ಎಂದರು ನನ್ನ ಕಡೆ ತಿರುಗಿ. "ಬೇರೆಯವರು ತಂದಿದ್ರೆ ಹಿಡೀತಿದ್ದೆ. ಮನೆಯವರ ಹಲ್ಲು ನಾವು ಸರಿಯಾಗಿ ನೋಡುದಿಲ್ಲ." ಆಮೇಲೆ ಮತ್ತೆ ಸಂಪಾಜೆಯ ಪವನಿನ ಮೇಲೆ ಬಾಗಿ, ಮಗು ಮಲಗಿದ್ದನ್ನು ನೋಡುವ ದನಿಯಲ್ಲಿ, "ಹೀಗೆ ಇರ್ತದೆ ಅಂತ ಗೊತ್ತೇ ಇರ್ಲಿಲ್ಲ," ಎಂದರು.

ಮುಂದಿನ ಕೂಟದಲ್ಲಿ ನಾಣ್ಯದ ಗೆಳೆಯರ ಎದುರು ತಮ್ಮ ಪವನನ್ನು ಇಟ್ಟು, ಇದು ಕೆರೆದದ್ದು, ಇಷ್ಟು ವರ್ಷ ನಿಮಗೆ ತಪ್ಪು ತೋರಿಸಿದ್ದೇನೆ, ಎಲ್ಲರೂ ಇನ್ನೊಮ್ಮೆ ನೋಡಿ ಕಲಿತುಕೊಳ್ಳಿ ಎಂದು ಹೇಳಿದರು. ಒಂದಿಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರಂತೆ. ನನಗೆ ಸಿಟ್ಟು ಬಂತು, ಅವರಿಗೆ ಬರಲಿಲ್ಲ. ಅಷ್ಟಕ್ಕೇ ಬಿಡದೆ, ಈಗ ತನ್ನ ಕಣ್ಣಿಗೇ ಇನ್ನೊಬ್ಬರ ಸಾಕ್ಷಿ ಬೇಕು ಎಂದು ಯಶೋದಕ್ಕನ ಗಂಡನನ್ನು ಜೊತೆ ಮಾಡಿಕೊಂಡು, ಎರಡೂ ಪವನುಗಳನ್ನು ಹಿಡಿದು, ರೈಲಿನಲ್ಲಿ ಮುಂಬೈಗೆ ಹೋದರು. ಅಲ್ಲಿಯ ಪರೀಕ್ಷಕರು ದೊಡ್ಡ ಯಂತ್ರದ ಕೆಳಗಿಟ್ಟು ನೋಡಿ ಬರೆದುಕೊಟ್ಟದ್ದೂ ಅದೇ. ಬಂದ ಮೇಲೆ ಕೇಳಿದೆ, ಎಂತ ಹೇಳಿದ್ರು ಎಂದು.

"ಹೊಸತು ಎಂತದೂ ಇಲ್ಲ," ಎಂದರು. "ನಾನು ಕನ್ನಡದಲ್ಲಿ ಹೇಳಿದ್ದನ್ನು ಅವರು ಇಂಗ್ಲಿಷಿನಲ್ಲಿ ಹೇಳಿದ್ರು." ಜಂಬ ಪೂರ್ತಿ ಹೋಗಿರಲಿಲ್ಲ, ನನಗೆ ಸಮಾಧಾನವಾಯಿತು.

"ಅದನ್ನು ನೀವೇ ತೆಗೊಳ್ಳಿ ಡಾಕ್ಟ್ರೇ," ಎಂದು ನಾನೇ ಹೇಳಿದೆ. "ನಾನು ಯಶೋದಕ್ಕನ ಹತ್ರ ಮಾತಾಡ್ತೇನೆ. ಸರಿಯಾದ ಕ್ರಯ ಕೊಟ್ಟು ತೆಗೊಂಡ್ರೆ ಯಾರು ಎಂತ ಹೇಳ್ತಾರೆ?"

"ನನ್ನ ಹತ್ರ ಪರೀಕ್ಷೆಗೆ ಬಂದದ್ದು ಅದು," ಎಂದರು. ಅಷ್ಟೇ.

ನಿಜವಾದ ಪೇಚಾಟ ಸುರುವಾದದ್ದು ಆಮೇಲೆ. ಇಂಥ ಪವನಿಗೆ ಕೊಂಡಿ ಬೆಸೆದರೆ ಅದರ ಕತೆ ಮುಗಿಯಿತು. ಬೆಂಕಿ ತಾಗಿದ ಅಂಚು ಮತ್ತೆ ಸರಿಯಾಗುವುದಿಲ್ಲ. ಡಾಕ್ಟರು ನನ್ನನ್ನೂ ಕರೆದುಕೊಂಡು ಸಂಪಾಜೆಗೇ ಹೋಗಿ, ಹೋಟೆಲಿನ ಬೆಂಚಿನ ಮೇಲೆ ಕೂತು ತಿಳಿಸಿ ಹೇಳಿದರು. ಯಶೋದಕ್ಕ ತಲೆಯಾಡಿಸುತ್ತ ಎಲ್ಲ ಕೇಳಿದರು.

"ನೀವು ಹೇಳುದು ಅರ್ಥ ಆಯ್ತು ಡಾಕ್ಟ್ರೇ," ಎಂದರು. "ಆದರೆ ಅದು ಮದುಮಗಳ ಕೊರಳಿಗೆ ಹೋಗ್ಲೇಬೇಕು. ಅತ್ತೆ ಹೋಗುವಾಗ ನನ್ನ ಕೈ ಹಿಡಿದು ಹೇಳಿದ್ದು. ಅದು ಲಂಡನ್ನಿಂದು ಆದ್ರೂ ಸೈ, ನಮ್ಮ ಸುಳ್ಯದ್ದು ಆದ್ರೂ ಸೈ."

"ಚೀಲದಲ್ಲಿ ಹಾಕಿ ಕಟ್ಟಿಕೊಳ್ಳಲಿ. ಮೊದಲಿನ ಹಾಗೆ."

ರಮ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಇಷ್ಟು ಒಳ್ಳೇದು ಅಂತ ನೀವೇ ಹೇಳಿದ್ರಿ," ಎಂದಳು. "ಮತ್ತೆ ಯಾಕೆ ಅಡಗಿಸಿ ಇಡುದು?"

ಡಾಕ್ಟರು ಸ್ವತಃ ತನ್ನದನ್ನು ಕಂಡಕಂಡವರಿಗೆಲ್ಲ ತೋರಿಸಿ ಮೆರೆದ ಮನುಷ್ಯ. ಕಾರಿನಲ್ಲಿ ವಾಪಸು ಬರುವಾಗ, ಜಾಲ್ಸೂರಿನ ಹತ್ತಿರ, ತಟ್ಟನೆ, "ಹಲ್ಲಿನ ಸೆಟ್ಟನ್ನು ನಾವು ಬೆಸೆಯುದಿಲ್ಲ ಅಲ್ಲ!" ಎಂದರು.

ನನಗೆ ತಲೆಬುಡ ತಿಳಿಯಲಿಲ್ಲ.

"ಒಂದೆರಡು ಹಲ್ಲು ಹೋದವರಿಗೆ ಸೆಟ್ ಮಾಡಿ ಕೊಡ್ತೇವಲ್ಲ, ಅದು ಬಾಯಲ್ಲಿ ಹೇಗೆ ನಿಲ್ಲುದು? ಪಕ್ಕದ ಹಲ್ಲಿಗೆ ತಂತಿಯ ಕೊಕ್ಕೆ. ಬೆಸುಗೆ ಇಲ್ಲ, ತೂತು ಇಲ್ಲ. ಹಲ್ಲಿಗೆ ಎಂತ ಆಗುದಿಲ್ಲ. ಬೇಕಾದಾಗ ಹಾಕುದು, ಬೇಡ ಅಂದ್ರೆ ತೆಗೆಯುದು."

ಆ ವಾರವಿಡೀ ಕ್ಲಿನಿಕ್ಕಿನ ಒಳಕೋಣೆಯಲ್ಲಿ ಅವರ ಹಳೆಯ ಇಕ್ಕುಳ, ಅರಗಳೆಲ್ಲ ಮತ್ತೆ ಮೇಜಿಗೆ ಬಂದವು. ಸುಳ್ಯದ ಆಚಾರಿಯಿಂದ ಚಿನ್ನದ ತಂತಿ ಎಳೆಸಿ ತರಿಸಿದರು. ಬಾಗಿಸಿ ನೋಡಲು ಅದೇ ಅಳತೆಯ ಒಂದು ಪವನು ಬೇಕಲ್ಲ, ಅದಕ್ಕೆ ತಮ್ಮ ಕೆರೆದ ಪವನನ್ನೇ ತೆಗೆದುಕೊಂಡರು. ಯಾವುದನ್ನು ಅಂಗೈ ತಾಗಿಸದೆ ಕಾದಿದ್ದರೋ, ಅದನ್ನು ಇಕ್ಕುಳದಲ್ಲಿ ಕಚ್ಚಿಸಿ, ಮೇಜಿಗೆ ಒತ್ತಿ ಹಿಡಿದು ಕೆಲಸ ಮಾಡುವುದನ್ನು ನಾನು ನೋಡಿದೆ. "ಇದರಿಂದ ಕೊನೆಗೂ ಒಂದು ಉಪಕಾರ ಆಯ್ತು," ಎಂದು ನಕ್ಕರು.

ತಂತಿ ಬಾಗಿಸುವಾಗ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಳ್ಳುವರು. ಕೊಕ್ಕೆ ಓರೆಯಾದರೆ ಬಿಚ್ಚಿ ಮತ್ತೆ ಮೊದಲಿನಿಂದ. ಸುಮ್ಮನೆ ಆಚಾರಿಗೇ ಹೇಳಿ ಮಾಡಿಸಬಾರದೇ ಎಂದು ಕೇಳಿದ್ದಕ್ಕೆ ಇನ್ನೊಂದು ತಂತಿ ಕೈಗೆತ್ತಿಕೊಂಡರು. ಕೊನೆಗೆ ಆದದ್ದು ಇದು: ಕೂದಲೆಳೆಯಂಥ ಒಂದು ಉಂಗುರ, ಅದರಿಂದ ಎದ್ದ ನಾಲ್ಕು ಪುಟ್ಟ ಕೊಕ್ಕೆ, ಕೊಕ್ಕೆಗಳ ಒಳಮೈಗೆ ಸೆಟ್ಟಿನ ಅಡಿಗೆ ಹಾಕುವ ಮೆತ್ತನೆಯ ಪದರ, ಚಿನ್ನಕ್ಕೆ ಚಿನ್ನ ಉಜ್ಜಬಾರದೆಂದು. ಸರಕ್ಕೆ ಸಿಕ್ಕಿಸುವ ಕೊಂಡಿ ಆ ಉಂಗುರಕ್ಕೆ, ಪವನಿಗಲ್ಲ. ಈ ಲೋಕದಲ್ಲಿ ಇಂಥ ಪವನುಗಳನ್ನು ಇಟ್ಟುಕೊಂಡವರು ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತಾರಂತೆ. ನಮ್ಮ ಡಾಕ್ಟರು ಅದಕ್ಕೆ ಕೊರಳಿಗೆ ಹೋಗುವ ದಾರಿ ಮಾಡಿದರು.

ಮದುವೆ ಸುಳ್ಯದ ಒಂದು ಕಲ್ಯಾಣಮಂಟಪದಲ್ಲಿ. ಡಾಕ್ಟರು ಬಿಳಿ ಪಂಚೆ ಉಟ್ಟು ಬಂದಿದ್ದರು. ಮುಹೂರ್ತಕ್ಕೆ ಮೊದಲು ಯಶೋದಕ್ಕ ನಮ್ಮಿಬ್ಬರನ್ನೂ ಮದುಮಗಳ ಕೋಣೆಗೆ ಕರೆದರು. ಅಲ್ಲಿ ಹೆಂಗಸರ ಗದ್ದಲ, ಮಲ್ಲಿಗೆಯ ಘಮ. ಕುಂಕುಮದ ಭರಣಿ ಕನ್ನಡಿಯ ಎದುರು ಇತ್ತು, ಕೊಕ್ಕೆಯ ಉಂಗುರ ಆಗಲೇ ಸರದಲ್ಲಿ ಏರಿ ರಮ್ಯಳ ಕೊರಳಲ್ಲಿತ್ತು.

"ಇದನ್ನು ಹಾಕುದು ಮನೆಯ ಹಿರಿಯರು," ಎಂದರು ಯಶೋದಕ್ಕ. "ಅತ್ತೆ ಇಲ್ಲ. ನೀವೇ ಹಾಕಿ ಡಾಕ್ಟ್ರೇ."

ಡಾಕ್ಟರು ಬೇಡವೆಂದು ಕೈ ಆಡಿಸಿದರು. ಹೆಂಗಸರು ಬಿಡಲಿಲ್ಲ. ಅವರು ಭರಣಿಯಿಂದ ಪವನನ್ನು ಎತ್ತಿಕೊಂಡರು. ಎರಡು ಬೆರಳ ನಡುವೆ, ಅಂಚಿನಲ್ಲಿ. ಆಮೇಲೆ ಏನೆನಿಸಿತೋ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬೆರಳು ಮಡಚಿದರು. ಕುಂಕುಮ ಅವರ ಕೈಗೆ ಹತ್ತಿತು. ಒಂದು ಕ್ಷಣ ಆ ಮುಷ್ಟಿ ಬಿಚ್ಚಲಾರದು ಎಂದೇ ನನಗೆ ಅನಿಸಿತು. ಬಿಚ್ಚದಿದ್ದರೂ ನಾನು ತಪ್ಪೆಣಿಸುತ್ತಿರಲಿಲ್ಲ.

ಬಿಚ್ಚಿದರು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು, ಹುಡುಗಿಯ ಕೊರಳ ಹತ್ತಿರ ಬಾಗಿ, ಪವನನ್ನು ಒಂದೊಂದೇ ಕೊಕ್ಕೆಯೊಳಗೆ ಕೂರಿಸಿದರು. ಕೊನೆಯದು ಕಟ್ ಎಂದಿತು. ಭೂತಗನ್ನಡಿ ಅವರ ಅಂಗಿಯ ಕಿಸೆಯಲ್ಲೇ ಇತ್ತು, ತೆಗೆಯಲಿಲ್ಲ. ಅವರು ನೋಡಿದ್ದು ರಮ್ಯಳ ಮುಖವನ್ನು. ಹಲ್ಲಿನ ಸೆಟ್ ಕೂರಿಸಿದ ಮೇಲೆ ಊರಿನ ಪ್ರತಿಯೊಬ್ಬರಲ್ಲಿಯೂ ಕೇಳುತ್ತಿದ್ದುದನ್ನೇ ಕೇಳಿದರು.

"ಚುಚ್ಚುದಿಲ್ಲ ಅಲ್ವಾ ಮಗಾ?"

ಅವಳು ಕತ್ತನ್ನು ಆಚೆ ಈಚೆ ತಿರುಗಿಸಿದಳು. "ಇಲ್ಲ ಡಾಕ್ಟ್ರೇ. ಇದ್ದದ್ದೇ ಗೊತ್ತಾಗುದಿಲ್ಲ."

"ಹಾಗಾದ್ರೆ ಸರಿ ಕೂತಿದೆ," ಎಂದು ಅವರು ಬೆನ್ನು ನೆಟ್ಟಗೆ ಮಾಡಿಕೊಂಡು, ಹಾದಿ ಬಿಟ್ಟು ನಿಂತರು.